ಉಮ್ಮನಿಗೂ ಒಂದು ಚಳಿಗಾಲ

ನವೆಂಬರ್ ಬಂತೆಂದರೆ ಫಳ್ನೀರಿನ ಅನೇಕ ಮನೆಗಳಲ್ಲಿ ತೂಕದ ಯಂತ್ರ ಹೊರಗೆ ಬರುತ್ತದೆ. ಒಬ್ಬರು ಪೆಟ್ಟಿಗೆಯನ್ನು ಎತ್ತಿ ಹಿಡಿಯುವುದು, ಇನ್ನೊಬ್ಬರು ಬಗ್ಗಿ ಮುಳ್ಳು ನೋಡುವುದು, ಎರಡು ಕಿಲೋ ಹೆಚ್ಚಾಯಿತೆಂದು ಉಪ್ಪಿನಕಾಯಿಯ ಬಾಟಲಿ ಹೊರಗೆ ಬರುವುದು, ಉಮ್ಮ ಅದನ್ನು ಮೆಲ್ಲನೆ ಮತ್ತೆ ಒಳಗೆ ತುರುಕುವುದು. ಮಗ ದುಬೈಯಲ್ಲೋ ದೋಹಾದಲ್ಲೋ ಜುಬೈಲಿನಲ್ಲೋ ಇದ್ದಾನೆ. "ಈಗ ಇಲ್ಲಿ ಒಳ್ಳೆಯ ತಂಪು. ಉಮ್ಮ, ಬಾಪ ಇಬ್ಬರೂ ಬಂದು ಎರಡು ತಿಂಗಳು ಆರಾಮವಾಗಿ ಇರಲಿ" ಎಂದು ವೀಸಾ ಕಳಿಸಿದ್ದಾನೆ. 2006ರಲ್ಲಿ ಬಜ್ಪೆಯಿಂದ ದುಬೈಗೆ ನೇರ ವಿಮಾನ ಆರಂಭವಾದ ಮೇಲೆ ಈ ಪ್ರಯಾಣ ಸುಲಭವಾಯಿತು. ಅದಕ್ಕೆ ಮೊದಲು ಮುಂಬೈಯವರೆಗೆ ರಾತ್ರಿಯಿಡೀ ಬಸ್ಸಿನಲ್ಲಿ ಕುಲುಕಾಡಿಕೊಂಡು ಹೋಗಬೇಕೆಂದರೆ ಹಿರಿಯರು "ನೀನೇ ಬಾ ಮಗನೇ" ಎಂದು ಹೇಳಿ ಸುಮ್ಮನಾಗುತ್ತಿದ್ದರು.

ನಮ್ಮ ಮಂಗಳೂರಿನ ಚಳಿಗಾಲ ಬೆಳಗ್ಗೆ ಎಂಟು ಗಂಟೆಗೆ ಮುಗಿದು ಹೋಗುತ್ತದೆ. ಡಿಸೆಂಬರ್‌ನಲ್ಲೂ ಮಧ್ಯಾಹ್ನ 32-33 ಡಿಗ್ರಿ ಬಿಸಿಲು. ಹಾಗಾಗಿ ನಮ್ಮವರು ಚಳಿಗೆ ಹೆದರಿ ಊರು ಬಿಡುವುದಲ್ಲ, ಮಕ್ಕಳ ಮುಖ ನೋಡುವುದಕ್ಕೆ ಹೋಗುತ್ತಾರೆ. ಚಳಿಗೇ ಹೆದರಿ ಊರು ಬಿಡುವ ಹಿರಿಯರು ಯುರೋಪಿನಲ್ಲಿದ್ದಾರೆ. ಅವರ ಕತೆ ಕೇಳಿದಾಗಲೆಲ್ಲ ನನಗೆ ನಮ್ಮ ಉಮ್ಮಂದಿರ ನೆನಪಾಗುತ್ತದೆ. ಏಕೆಂದು ಮುಂದೆ ಹೇಳುತ್ತೇನೆ.

ಬ್ರಿಟನ್ನಿನ ಉತ್ತರ ಭಾಗದಲ್ಲಿ ಡಿಸೆಂಬರ್‌ನಲ್ಲಿ ಸಂಜೆ ನಾಲ್ಕು ಗಂಟೆಗೆ ಮೊದಲೇ ಸೂರ್ಯ ಮುಳುಗುತ್ತಾನೆ. ಹಾಲೆಂಡ್, ಜರ್ಮನಿಗಳಲ್ಲಿ ಮಂಜು, ಮಳೆ, ಕೆಸರು. ಮಂಡಿನೋವಿನವರಿಗೆ ಆ ನಾಲ್ಕು ತಿಂಗಳು ಬಹಳ ಕಷ್ಟ. ಆದ್ದರಿಂದ ಕೆಲಸದಿಂದ ನಿವೃತ್ತರಾದ ದಂಪತಿಗಳು ಅಕ್ಟೋಬರ್, ನವೆಂಬರ್ ಹೊತ್ತಿಗೆ ಗಾಲಿಯ ಮೇಲಿನ ಪುಟ್ಟ ಮನೆಯನ್ನು, ಅಂದರೆ ಕ್ಯಾರವಾನನ್ನು, ಕಾರಿಗೆ ಕಟ್ಟಿ ದಕ್ಷಿಣಕ್ಕೆ ಹೊರಡುತ್ತಾರೆ. ಹಾಲೆಂಡಿನಿಂದ ಸ್ಪೇನಿನ ಅಲಿಕಾಂಟೆಗೆ ಸುಮಾರು ಎರಡು ಸಾವಿರ ಕಿಲೋಮೀಟರ್. ಬ್ರಿಟನ್ನಿನವರು ಕೆಲವರು ಕಾರು, ಕ್ಯಾರವಾನ್ ಎಲ್ಲವನ್ನೂ ಹಡಗಿಗೇರಿಸಿ ಸ್ಪೇನಿನ ಉತ್ತರದ ಬಂದರುಗಳಲ್ಲಿ ಇಳಿಯುತ್ತಾರೆ. ಹೋಗಿ ಸೇರುವುದು ಮೆಡಿಟರೇನಿಯನ್ ಕಡಲಿನ ದಂಡೆಗೆ. ಅಲ್ಲಿ ಜನವರಿಯಲ್ಲೂ ಹಗಲಿನಲ್ಲಿ 16-17 ಡಿಗ್ರಿಯ ಹಿತವಾದ ಬಿಸಿಲು.

ಆ ದಂಡೆಯ ಊರುಗಳ ಹೆಸರು ನಮ್ಮ ಓದುಗರಿಗೆ ಅಷ್ಟೇನೂ ಅಪರಿಚಿತವಲ್ಲ. ಅಲ್ಮೇರಿಯಾ ಎಂದರೆ ಅರಬಿಯ ಅಲ್ ಮರಿಯ್ಯ, ಕಾವಲು ಗೋಪುರ. ಉಮಯ್ಯಾ ಮನೆತನದ ಅಬ್ದುರ್ರಹ್ಮಾನ್ ಕ್ರಿ.ಶ. 755ರಲ್ಲಿ ಬಂದಿಳಿದ ಅಲ್ಮುನ್ಯೇಕರ್ ಕೂಡ ಇದೇ ಕರಾವಳಿಯಲ್ಲಿದೆ. ಅಂದಲೂಸಿಯಾದ ಚರಿತ್ರೆ ಓದಿ ನಿಟ್ಟುಸಿರು ಬಿಡುವ ನಾವು ಅಲ್ಲಿ ಇಂದು ಯಾರು ಚಾಪೆ ಹಾಸಿ ಕೂತಿದ್ದಾರೆಂದು ನೋಡುವುದಿಲ್ಲ.

ಅಲ್ಲಿ ಸಮುದ್ರದ ಮರಳಿನ ಮೇಲೆ ಮನಬಂದಲ್ಲಿ ಡೇರೆ ಹಾಕುವಂತಿಲ್ಲ. 1988ರ ಕರಾವಳಿ ಕಾಯ್ದೆ ಅದನ್ನು ನಿಷೇಧಿಸಿದೆ. ಹಾಗಾಗಿ ತೀರದ ಸಮೀಪ ಇದಕ್ಕೆಂದೇ ಇರುವ ಶಿಬಿರಗಳಲ್ಲಿ ಬಾಡಿಗೆಗೆ ಜಾಗ ಹಿಡಿಯುತ್ತಾರೆ. ಒಂದು ಕುಟುಂಬಕ್ಕೆ ನಂಬರು ಹಾಕಿದ ಒಂದು ತುಂಡು ನೆಲ, ಅಲ್ಲೇ ಕರೆಂಟು, ಹತ್ತಿರದಲ್ಲಿ ನಲ್ಲಿ, ಸ್ನಾನಗೃಹ, ಬಟ್ಟೆ ಒಗೆಯುವ ಯಂತ್ರ, ಪಾತ್ರೆ ತೊಳೆಯಲು ಸಾಲಾಗಿ ಕಟ್ಟಿದ ತೊಟ್ಟಿಗಳು. ಬೇಸಿಗೆಯಲ್ಲಿ ಈ ಶಿಬಿರಗಳು ತುಂಬಿ ತುಳುಕುತ್ತವೆ. ಚಳಿಗಾಲದಲ್ಲಿ ಖಾಲಿ ಬಿಡುವ ಬದಲು ತಿಂಗಳುಗಟ್ಟಲೆ ಉಳಿಯುವವರಿಗೆ ಬಾಡಿಗೆ ಇಳಿಸುತ್ತಾರೆ. ಊರಿನ ಮನೆಯಲ್ಲಿ ಹೀಟರ್ ಉರಿಸುವ ಖರ್ಚೂ ಅಷ್ಟು ಉಳಿಯಿತು. ಪಿಂಚಣಿಯಲ್ಲಿ ಬದುಕುವವರಿಗೆ ಲೆಕ್ಕ ಸರಿಹೋಗುತ್ತದೆ.

ಸ್ಪೇನಿನ ಸರಕಾರ ತನ್ನದೇ ನಾಡಿನ ಹಿರಿಯರಿಗೂ ಒಂದು ದಾರಿ ಮಾಡಿದೆ. 1985ರಿಂದ ಪಿಂಚಣಿದಾರರಿಗೆ ಕಡಿಮೆ ದರದಲ್ಲಿ ಕಡಲತೀರದ ಹೊಟೇಲುಗಳಲ್ಲಿ ತಂಗುವ ಯೋಜನೆ ಅದು. ಬೇಸಿಗೆಯ ಜನಸಂದಣಿ ಮುಗಿದ ಮೇಲೆ ಇದು ನಡೆಯುತ್ತದೆ. ಹಿರಿಯರಿಗೆ ಗಾಳಿ ಬದಲಾವಣೆ, ಹೊಟೇಲಿನ ನೌಕರರಿಗೆ ಚಳಿಗಾಲದಲ್ಲೂ ಕೆಲಸ. ನಮ್ಮಲ್ಲಿ ವಿಶ್ರಾಂತಿಗೂ ಸರಕಾರಕ್ಕೂ ಏನು ಸಂಬಂಧ ಎಂದು ಕೇಳುವವರು ಇದನ್ನು ಗಮನಿಸಬೇಕು.

ಇನ್ನು ನಾನು ಹೇಳಬೇಕೆಂದಿರುವ ವಿಷಯಕ್ಕೆ ಬರುತ್ತೇನೆ. ಇಂಥ ಶಿಬಿರಗಳಲ್ಲಿ ಮಧ್ಯಾಹ್ನದ ಹೊತ್ತಿಗೆ ಸಾಮಾನ್ಯವಾಗಿ ಕಾಣುವ ಒಂದು ನೋಟವಿದೆ. ಎಪ್ಪತ್ತು ದಾಟಿದ ಅಜ್ಜ ಪ್ಲಾಸ್ಟಿಕ್ ಬುಟ್ಟಿಯಲ್ಲಿ ಎರಡು ತಟ್ಟೆ, ಎರಡು ಲೋಟ, ಒಂದು ಬಾಣಲೆ ಇಟ್ಟುಕೊಂಡು ತೊಟ್ಟಿಯ ಕಡೆಗೆ ಹೋಗುತ್ತಿರುತ್ತಾರೆ. ಪಕ್ಕದ ಡೇರೆಯ ಅಜ್ಜನೂ ಅಲ್ಲೇ ಸಿಗುತ್ತಾರೆ. ಪಾತ್ರೆ ತೊಳೆಯುತ್ತಾ ಹರಟೆ. ಅಜ್ಜಿ ಕುರ್ಚಿ ಹಾಕಿಕೊಂಡು ಬಿಸಿಲಿಗೆ ಬೆನ್ನು ಕೊಟ್ಟು ಪುಸ್ತಕ ಓದುತ್ತಿರುತ್ತಾರೆ. ಎಲ್ಲ ಅಜ್ಜಂದಿರೂ ಹೀಗೆ ಎಂದು ನಾನು ಹೇಳುವುದಿಲ್ಲ. ಆದರೆ ಇದನ್ನು ಯಾರೂ ತಿರುಗಿ ನೋಡುವುದಿಲ್ಲ, ಅಷ್ಟು ಮಾಮೂಲಿ. ಇಡೀ ಅಡುಗೆಮನೆ ಒಂದು ಬುಟ್ಟಿಯಲ್ಲಿ ಹಿಡಿಸುವಷ್ಟು ಚಿಕ್ಕದಾಗಿರುವುದೂ ಇದಕ್ಕೆ ಒಂದು ಕಾರಣ.

ಹಾಗೆಂದು ಅವರ ಬದುಕನ್ನು ಸ್ವರ್ಗವೆಂದು ಬಣ್ಣಿಸುವುದು ಬೇಡ. ಹಲವರಿಗೆ ಚಳಿಗಾಲವಿಡೀ ಮಕ್ಕಳಿಂದ ಬರುವುದು ಫೋನ್ ಕರೆ ಮಾತ್ರ. ರಾತ್ರಿ ಎದೆನೋವು ಬಂದರೆ ಭಾಷೆ ತಿಳಿಯದ ಆಸ್ಪತ್ರೆಗೆ ಹೋಗಬೇಕು. ಜೊತೆಗಾರ ತೀರಿಕೊಂಡರೆ ಕ್ಯಾರವಾನನ್ನು ಒಬ್ಬರೇ ಎರಡು ಸಾವಿರ ಕಿಲೋಮೀಟರ್ ಎಳೆದೊಯ್ಯುವುದು ಹೇಗೆ? 2020ರ ಮಾರ್ಚ್‌ನಲ್ಲಿ ಕೊರೊನಾದಿಂದಾಗಿ ಸ್ಪೇನ್ ಮುಚ್ಚಿದಾಗ ಇಂಥ ಹಿರಿಯರು ಗಾಬರಿಯಿಂದ ಗಂಟುಮೂಟೆ ಕಟ್ಟಬೇಕಾಯಿತು. ಬ್ರಿಟನ್ ಯುರೋಪಿನ ಒಕ್ಕೂಟದಿಂದ ಹೊರಬಂದ ಮೇಲೆ, 2021ರಿಂದ, ಅಲ್ಲಿನವರು ವೀಸಾ ಇಲ್ಲದೆ 180 ದಿನಗಳಲ್ಲಿ 90 ದಿನ ಮಾತ್ರ ಇರಬಹುದು. ನಮ್ಮ ಹಾಗೆ ಅವರೂ ಈಗ ಕ್ಯಾಲೆಂಡರಿನಲ್ಲಿ ದಿನ ಎಣಿಸುತ್ತಾರೆ.

ನಮ್ಮವರು ಹೋಗುವ ಕೊಲ್ಲಿ ರಾಷ್ಟ್ರಗಳಲ್ಲೂ ಚಳಿಗಾಲವೆಂದರೆ ಡೇರೆಯ ಕಾಲವೇ. ಕುವೈತಿನಲ್ಲಿ ಸಾಮಾನ್ಯವಾಗಿ ನವೆಂಬರ್ ಮಧ್ಯದಿಂದ ಮಾರ್ಚ್ ಮಧ್ಯದವರೆಗೆ ಮರುಭೂಮಿಯಲ್ಲಿ ಡೇರೆ ಹಾಕಲು ಪರವಾನಗಿ ಕೊಡುತ್ತಾರೆ. ಕತಾರಿನಲ್ಲಿ ಸೀಲೈನ್ ಎಂಬ ಕಡಲತೀರದಲ್ಲಿ ಮರಳ ದಿಬ್ಬ ಮತ್ತು ಸಮುದ್ರದ ನಡುವೆ ಡೇರೆಗಳ ಊರೇ ಏಳುತ್ತದೆ. ತಿಂಗಳುಗಟ್ಟಲೆ ಡೇರೆ ಹಾಕುವವರು ಬಹುಪಾಲು ಆ ನಾಡಿನವರೇ. ನಮ್ಮವರದು ರಜಾದಿನದ ಒಂದು ಸಂಜೆ ಅಥವಾ ಒಂದು ರಾತ್ರಿ. ನಾಲ್ಕು ಕುಟುಂಬಗಳು ಸೇರಿ ಕಾರುಗಳಲ್ಲಿ ಹೋಗುವುದು, ಗಂಡಸರು ಕೆಂಡದ ಮೇಲೆ ಕೋಳಿ ಸುಡುವುದು. ಆ ಕೋಳಿಗೆ ಹಿಂದಿನ ರಾತ್ರಿ ಮಸಾಲೆ ಹಚ್ಚಿದವರು ಯಾರು, ಪತ್ತಿರ್ ತಟ್ಟಿ ಬಟ್ಟೆಯಲ್ಲಿ ಸುತ್ತಿದವರು ಯಾರು, ಮರಳು ಮೆತ್ತಿದ ಪಾತ್ರೆಗಳನ್ನು ಮಧ್ಯರಾತ್ರಿ ಮನೆಗೆ ಬಂದು ತಿಕ್ಕಿದವರು ಯಾರು ಎಂದು ನಿಮಗೆ ಹೇಳಬೇಕಾಗಿಲ್ಲ.

ನಮ್ಮ ಬೀದಿಯ ಹಜ್ಜುಮ್ಮ ಒಬ್ಬರು ಹಲವು ಚಳಿಗಾಲಗಳನ್ನು ದೋಹಾದಲ್ಲಿ ಕಳೆದವರು. "ಕಡಲು ನೋಡಿದೆಯಾ ಹಜ್ಜುಮ್ಮ?" ಎಂದು ಕೇಳಿದರೆ, "ನೋಡಿದೆ ಮಗಳೇ, ಎರಡು ಸಲ, ಕಾರಿನಿಂದ" ಎನ್ನುತ್ತಾರೆ. ಬೆಳಗ್ಗೆ ಐದೂವರೆಗೆ ಮಗನ ಬುತ್ತಿ, ಸೊಸೆಯ ಬುತ್ತಿ, ಮಕ್ಕಳ ಬುತ್ತಿ. ಮಗುವನ್ನು ಶಾಲಾ ಬಸ್ಸಿಗೆ ಹತ್ತಿಸಲು ಲಿಫ್ಟಿನಲ್ಲಿ ಕೆಳಗೆ, ಮತ್ತೆ ಮೇಲೆ. "ಉಮ್ಮ ಬಂದಿದ್ದಾರೆ" ಎಂದು ತಿಳಿದ ಕೂಡಲೇ ಊರಿನ ಹುಡುಗರು ಪುಂಡಿ, ಕೋಳಿ ಸುಕ್ಕ ತಿನ್ನಲು ಬರುತ್ತಾರೆ. ಪಾಪ, ಅವರದೂ ತಪ್ಪಲ್ಲ, ರೂಮಿನಲ್ಲಿ ಕುಬ್ಬೂಸ್ ತಿಂದು ಬೇಸತ್ತವರು. ಬಾಪನಿಗಾದರೋ ಮಸೀದಿ ಇದೆ, ಸಂಜೆ ನಡಿಗೆ ಇದೆ, ಊರಿನ ಗೆಳೆಯರಿದ್ದಾರೆ. ಮಾರ್ಚ್‌ನಲ್ಲಿ ಊರಿಗೆ ಬಂದಾಗ "ಆರಾಮ ಮಾಡಿ ಬಂದಿರಾ?" ಎಂದು ಎಲ್ಲರೂ ಕೇಳುತ್ತಾರೆ. ಹಜ್ಜುಮ್ಮ ನಗುತ್ತಾರೆ. ಮೊಮ್ಮಕ್ಕಳ ವಿಷಯ ಹೇಳುವಾಗ ಆ ನಗು ನಿಜವಾದದ್ದೇ. ಮಂಡಿಯ ವಿಷಯ ಬಂದಾಗ ಮಾತು ಬದಲಿಸುತ್ತಾರೆ.

ಇಲ್ಲಿ ಸೊಸೆಯನ್ನು ಬೈಯುವ ಚಾಳಿ ನಮಗಿದೆ. ಅವಳೂ ಆಸ್ಪತ್ರೆಯಲ್ಲೋ ಶಾಲೆಯಲ್ಲೋ ಇಡೀ ದಿನ ನಿಂತು ದುಡಿದು ಬರುವವಳು. ಮನೆಬಾಡಿಗೆ, ಮಕ್ಕಳ ಫೀಸು ಒಬ್ಬರ ಸಂಬಳದಲ್ಲಿ ಆಗುವುದಿಲ್ಲ. ಅತ್ತೆ ಬಂದಾಗ ಒಮ್ಮೆ ಉಸಿರು ಬಿಟ್ಟರೆ ಅದು ಅಪರಾಧವೇ? ಇಬ್ಬರು ಹೆಂಗಸರ ನಡುವೆ ಕೆಲಸವನ್ನು ಅತ್ತಿತ್ತ ತಳ್ಳುವುದರಿಂದ ಯಾರಿಗೂ ವಿಶ್ರಾಂತಿ ಸಿಗದು. ಆ ಪ್ಲಾಸ್ಟಿಕ್ ಬುಟ್ಟಿಯನ್ನು ಎತ್ತಿಕೊಳ್ಳಬೇಕಾದ ಮೂರನೆಯವನು, ನಾಲ್ಕನೆಯವನು ಸೋಫಾದ ಮೇಲೆ ಕೂತಿದ್ದಾರೆ. ಮಗನನ್ನು ಹೆತ್ತವರೂ ನಾವೇ, "ಗಂಡುಮಕ್ಕಳು ಅಡುಗೆಮನೆಗೆ ಬರಬಾರದು" ಎಂದು ಓಡಿಸಿದವರೂ ನಾವೇ.

ಈ ಚಳಿಗಾಲ ಹೊರಡುವವರಿಗೆ ಕೆಲವು ಮಾತು. ಪೆಟ್ಟಿಗೆಯಿಂದ ಮೊದಲು ಗಸಗಸೆ ತೆಗೆಯಿರಿ. ನಮಗೆ ಅದು ಮಸಾಲೆ, ಯುಎಇ ಮುಂತಾದೆಡೆ ನಿಷಿದ್ಧ ಮಾದಕ ವಸ್ತುಗಳ ಸಾಲಿನಲ್ಲಿದೆ. ಕೊಡೀನ್ ಇರುವ ಕೆಮ್ಮಿನ ಔಷಧ, ಟ್ರಮಡಾಲ್‌ನಂಥ ನೋವಿನ ಮಾತ್ರೆ, ನಿದ್ರೆ ಮಾತ್ರೆ ಇವುಗಳಿಗೂ ಕಟ್ಟುನಿಟ್ಟು. ವೈದ್ಯರ ಚೀಟಿ ಇಟ್ಟುಕೊಳ್ಳುವುದಷ್ಟೇ ಸಾಲದು, ಮುಂಗಡ ಅನುಮತಿ ಬೇಕೇ ಎಂದು ಮಗ ಅಲ್ಲಿ ವಿಚಾರಿಸಲಿ. ಬಿಪಿ, ಸಕ್ಕರೆ ಕಾಯಿಲೆಯ ಔಷಧಗಳು ಕೈಚೀಲದಲ್ಲಿರಲಿ. ವಿಮೆಯ ಕಾಗದದಲ್ಲಿ ಹಳೆಯ ಕಾಯಿಲೆಗೆ ಖರ್ಚು ಸಿಗುತ್ತದೆಯೇ ಎಂಬುದನ್ನು ಓದಿ ನೋಡಬೇಕು, ಹೆಚ್ಚಿನ ವಿಮೆಗಳಲ್ಲಿ ಅಡಚಣೆ ಇರುವುದು ಅಲ್ಲೇ.

ಡೇರೆಗೆ ಹೋಗುವಾಗ ಇನ್ನೆರಡು ಎಚ್ಚರಿಕೆ. ಮರುಭೂಮಿಯ ರಾತ್ರಿ ಬಹಳ ತಣ್ಣಗೆ. ಮಕ್ಕಳಿಗೆ ಚಳಿಯಾಗುತ್ತದೆಂದು ಕೆಂಡದ ಒಲೆಯನ್ನು ಡೇರೆಯೊಳಗೆ ಇಟ್ಟು ಬಾಗಿಲು ಮುಚ್ಚಿ ಮಲಗಬೇಡಿ. ಅದರಿಂದ ಬರುವ ಕಾರ್ಬನ್ ಮೋನಾಕ್ಸೈಡ್ ಅನಿಲಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ಮಲಗಿದವರು ಎಚ್ಚರಗೊಳ್ಳದೆಯೇ ಪ್ರಾಣ ಬಿಟ್ಟದ್ದಿದೆ. ಸ್ಪೇನಿನ ಕ್ಯಾರವಾನುಗಳಲ್ಲೂ ಗ್ಯಾಸ್ ಹೀಟರಿನಿಂದ ಇದೇ ಅಪಾಯವಿದೆ, ಆದ್ದರಿಂದ ಅನಿಲ ಸೋರಿದರೆ ಕೂಗುವ ಪುಟ್ಟ ಯಂತ್ರವನ್ನು ಇಟ್ಟುಕೊಳ್ಳುತ್ತಾರೆ. ಹಾಗೆಯೇ ಒಣಗಿದ ಹಳ್ಳದಲ್ಲಿ ಡೇರೆ ಬೇಡ. ಒಮಾನ್, ಯುಎಇಗಳಲ್ಲಿ ಮಳೆ ದೂರದ ಬೆಟ್ಟದಲ್ಲಿ ಸುರಿದರೂ ನೀರು ವಾದಿಯಲ್ಲಿ ಒಮ್ಮೆಲೇ ನುಗ್ಗಿ ಬರುತ್ತದೆ. ಸ್ಪೇನಿನಲ್ಲೂ ಇಂಥ ಒಣಹಳ್ಳಗಳಿವೆ. 2024ರ ಅಕ್ಟೋಬರ್ 29ರಂದು ವೆಲೆನ್ಸಿಯಾದಲ್ಲಿ ಅವು ಉಕ್ಕಿ ಇನ್ನೂರಕ್ಕೂ ಹೆಚ್ಚು ಜನ ತೀರಿಕೊಂಡರು.

ಹಜ್ಜುಮ್ಮ ಕಳೆದ ವರ್ಷ ಟಿಕೆಟ್ ಮಾಡುವ ಮೊದಲೇ ಮಗನೊಂದಿಗೆ ಒಂದು ಒಪ್ಪಂದ ಮಾಡಿಕೊಂಡರು. ಮೊಮ್ಮಕ್ಕಳನ್ನು ನೋಡಿಕೊಳ್ಳುತ್ತೇನೆ, ವಾರದಲ್ಲಿ ಐದು ದಿನ ಅಡುಗೆಯನ್ನೂ ಮಾಡುತ್ತೇನೆ, ಶುಕ್ರವಾರ ಮತ್ತು ಶನಿವಾರ ನನಗೂ ಸೊಸೆಗೂ ರಜೆ. ಅತಿಥಿಗಳು ಬರುವುದಾದರೆ ಆ ಎರಡು ದಿನ ಬರಲಿ, ಬೇಯಿಸುವುದು ನೀನು. ಮಗ ನಕ್ಕು ಒಪ್ಪಿದನಂತೆ. ಉಮ್ಮ ತಮಾಷೆ ಮಾಡುತ್ತಿದ್ದಾರೆಂದು ಭಾವಿಸಿದ್ದನೇನೋ. ಮೊದಲ ಶುಕ್ರವಾರ ಜುಮಾ ಮುಗಿಸಿ ಬಂದಾಗ ಅಡುಗೆಮನೆಯ ದೀಪ ಆರಿತ್ತು. ಅಪ್ಪ ಮಗ ಇಬ್ಬರೂ ಮುಖ ಮುಖ ನೋಡಿಕೊಂಡು ಅಕ್ಕಿ ತೊಳೆದರಂತೆ. ತುಪ್ಪದನ್ನಕ್ಕೆ ಉಪ್ಪು ಕಡಿಮೆಯಾಗಿತ್ತು, ತಳವೂ ಸ್ವಲ್ಪ ಹಿಡಿದಿತ್ತು. ಆ ಪಾತ್ರೆಯನ್ನು ಕಾರಿಗೆ ಹಾಕಿಕೊಂಡು ಎಲ್ಲರೂ ಸೀಲೈನಿಗೆ ಹೋದರು. ಹಜ್ಜುಮ್ಮ ಈ ಸಲ ಕಾರಿನಿಂದ ಇಳಿದರು.