ಒಂದು ಅಂಕದ ಕೆರೆ

ರಾಜ್ಯದಲ್ಲಿ ಎಷ್ಟು ರಾಮ್ಸರ್ ತಾಣಗಳಿವೆ? ಧಾರವಾಡದಲ್ಲಿ ನಾನು ಓದುವ ಕೋಚಿಂಗ್ ಕೇಂದ್ರದ ಅಣಕು ಪರೀಕ್ಷೆಯಲ್ಲಿ ಈ ಪ್ರಶ್ನೆ ಬಂದಿತ್ತು. ನಾಲ್ಕು ಎಂದು ಗುರುತು ಹಾಕಿ ಒಂದು ಅಂಕ ಗಿಟ್ಟಿಸಿದೆ. 2022ರಲ್ಲಿ ರಂಗನತಿಟ್ಟು, 2024ರ ಜನವರಿಯಲ್ಲಿ ಅಂಕಸಮುದ್ರ, ಅಘನಾಶಿನಿ ಅಳಿವೆ ಮತ್ತು ಮಾಗಡಿ ಕೆರೆ. ಈ ಮಾಗಡಿ ಇರುವುದು ನಮ್ಮದೇ ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನಲ್ಲಿ. ನಮ್ಮೂರಿನಿಂದ ಬೈಕಿನಲ್ಲಿ ಅರ್ಧ ತಾಸು. ಆದರೂ ಒಮ್ಮೆಯೂ ನೋಡಿರಲಿಲ್ಲ.

ಕಾರ್ತಿಕ ಮುಗಿಯುವ ಹೊತ್ತಿಗೆ ಊರಿಗೆ ಹೋದಾಗ ಗೆಳೆಯನನ್ನು ಕರೆದುಕೊಂಡು ಹೊರಟೆ. ನಾವು ದಂಡೆ ತಲುಪಿದಾಗ ಬಿಸಿಲೇರಿತ್ತು. ನೀರಿನಂಚಿನಲ್ಲಿ ಬೂದು ಬಣ್ಣದ ದೊಡ್ಡ ಹಿಂಡು. ಬಿಳಿ ತಲೆಯ ಹಿಂದೆ ಎರಡು ಕಪ್ಪು ಗೆರೆ: ಪಟ್ಟೆತಲೆ ಹೆಬ್ಬಾತುಗಳು. ಮಂಗೋಲಿಯಾ, ಟಿಬೆಟ್ ಕಡೆ ಮರಿ ಮಾಡಿ, ಹಿಮಾಲಯ ದಾಟಿ ದಕ್ಷಿಣಕ್ಕೆ ಬರುವ ಹಕ್ಕಿಗಳಿವು. 7 ಸಾವಿರ ಮೀಟರಿಗೂ ಹೆಚ್ಚು ಎತ್ತರದಲ್ಲಿ ಹಾರಿದ್ದು ದಾಖಲಾಗಿದೆ. ಅಲ್ಲಿನ ತೆಳು ಗಾಳಿಯಲ್ಲೂ ಆಮ್ಲಜನಕವನ್ನು ಚೆನ್ನಾಗಿ ಹಿಡಿದಿಡುವ ರಕ್ತ ಅವುಗಳದ್ದು. (ಇದೂ ಪ್ರಶ್ನೆಯಾಗಬಹುದು, ಬರೆದಿಟ್ಟುಕೊಳ್ಳಿ.)

ಸುಮ್ಮನೆ ಕುಳಿತ ಹಕ್ಕಿಗಳ ವಿಡಿಯೊ ಸಪ್ಪೆ ಎನಿಸಿತು. ನಾನು ಚಪ್ಪಾಳೆ ತಟ್ಟಿದೆ, ಗೆಳೆಯ ಸಿಳ್ಳೆ ಹಾಕಿದ. ಹಿಂಡು ಗದ್ದಲವೆಬ್ಬಿಸುತ್ತ ಮೇಲೆದ್ದಿತು. ರೀಲ್ ಚೆನ್ನಾಗಿಯೇ ಬಂತು. ಹಿಂದೆ ಒಬ್ಬ ಅಜ್ಜ ನಿಂತಿದ್ದರು.

‘ತಮ್ಮಾ, ಯಾಕ ಎಬ್ಬಸ್ತಿ? ರಾತ್ರಿ ಮೇದು ಬಂದಾವ, ಈಗ ಅವು ಮಲಗೂ ಹೊತ್ತು. ಮೇದದ್ದು ನನ್ನ ಕಡ್ಲಿ ಹೊಲ. ನಾನ ಸುಮ್ನ ಅದೀನಿ, ನಿನಗೇನಾಗೇತಿ?’

ಉತ್ತರ ಹೊಳೆಯಲಿಲ್ಲ. ಧಾರವಾಡದ ನನ್ನ ರೂಮಿನ ಬಾಡಿಗೆ ಬರುವುದೂ ಹಿಂಗಾರಿ ಕಡಲೆಯಿಂದಲೇ. ಚಿಗುರು ಹೋದರೆ ಏನಾಗುತ್ತದೆ ಎಂದು ನಮ್ಮ ಮನೆಯಲ್ಲಿ ಯಾರೂ ಹೇಳಿಕೊಡಬೇಕಿಲ್ಲ.

ಅಂತರರಾಷ್ಟ್ರೀಯ ಮನ್ನಣೆ ಸಿಕ್ಕಿದ್ದು ಕೆರೆಗೆ. ಹೆಬ್ಬಾತುಗಳು ಹೊಟ್ಟೆ ತುಂಬಿಸಿಕೊಳ್ಳುವುದು ಸುತ್ತಲಿನ ಹೊಲಗಳಲ್ಲಿ. ಆ ಹೊಲದವರು ಕವಣೆ ಬೀಸದೆ ಇರುವುದರಿಂದಲೇ ಹಕ್ಕಿಗಳು ಉಳಿದಿವೆ ಎಂಬುದು ನನ್ನ ಅಭಿಪ್ರಾಯ. ಹಾಗಿದ್ದ ಮೇಲೆ ಪ್ರತಿ ಚಳಿಗಾಲ ಹಕ್ಕಿಗಳನ್ನು ಎಣಿಸುವಂತೆ ಮೇಯ್ದ ಎಕರೆಗಳನ್ನೂ ಎಣಿಸಬೇಕು, ನಷ್ಟ ತುಂಬಿಕೊಡಬೇಕು. ‘ಅದು ಸರ್ಕಾರದ ಕೆಲಸ, ನಮಗೇಕೆ’ ಎನ್ನಬೇಡಿ. ನಾವೆಲ್ಲ ಹಗಲಿರುಳು ಓದುತ್ತಿರುವುದು ಆ ಸರ್ಕಾರದೊಳಗೆ ಹೋಗಲಿಕ್ಕೇ ಅಲ್ಲವೇ? ನಾಳೆ ನಮ್ಮಲ್ಲೇ ಒಬ್ಬರು ಪಿಡಿಒ, ಗ್ರಾಮ ಆಡಳಿತಾಧಿಕಾರಿ ಅಥವಾ ಗಸ್ತು ಅರಣ್ಯ ಪಾಲಕರಾಗಿ ಇಂಥ ಊರಿಗೆ ಬರುತ್ತೇವೆ. ಅರ್ಜಿ ಹಿಡಿದು ಬಂದ ಅಜ್ಜನಿಗೆ ‘ನಿಯಮದಲ್ಲಿಲ್ಲ’ ಎನ್ನುವ ಮೊದಲು ಹೊಲಕ್ಕೊಮ್ಮೆ ಹೋಗಿ ಬರುವ ಅಭ್ಯಾಸ ಈಗಿನಿಂದಲೇ ಆಗಬೇಕು.

ರೀಲ್ ಅಳಿಸಿದೆ. ಮರುದಿನ ಮೊಬೈಲ್ ಕಿಸೆಯಲ್ಲಿಟ್ಟುಕೊಂಡು, ನೋಟ್‌ಬುಕ್ ಹಿಡಿದು ಒಬ್ಬನೇ ಹೋದೆ. ಹಕ್ಕಿಗಳ ಎಣಿಕೆ ಮುನ್ನೂರು ದಾಟುವಷ್ಟರಲ್ಲಿ ತಪ್ಪಿತು. ಅಜ್ಜನ ಹೊಲದಲ್ಲಿ ಮೇಯ್ದ ಸಾಲುಗಳ ಲೆಕ್ಕ ಮಾತ್ರ ತಪ್ಪಲಿಲ್ಲ: ಹನ್ನೊಂದು.