ಎಚ್‌ಪಿ ಕೇಳೋಕಿಂತ ಮೊದಲ ಎತ್ತರ ಅಳೀರಿ

ನಮ್ಮ ವನದುರ್ಗದ ಕಡೆ ಬ್ಯಾಸಗಿ ಬಂತಂದ್ರ ಒಂದೇ ಪ್ರಶ್ನೆ: "ಎಷ್ಟು ಎಚ್‌ಪಿ ಇಳಿಸೀರಿ?" ಬೋರ್ ಎಷ್ಟು ನೀರು ಕೊಡ್ತದ, ಎಷ್ಟು ಆಳದಿಂದ ಎತ್ತಬೇಕು ಅಂತ ಕೇಳೋರು ಕಡಿಮಿ. ನಾರಾಯಣಪುರ ಎಡದಂಡೆ ಕಾಲುವೆ ನೀರು ನಿಂತ ಮ್ಯಾಲ ಮಂದಿ ಬೋರಿಗೆ ಬೀಳ್ತಾರ, 3 ಎಚ್‌ಪಿ ಸಾಕಾಗೋ ಕಡೆ 7.5 ಇಳಿಸ್ತಾರ. ನೀರಾವರಿ ಪಂಪ್‌ಸೆಟ್ಟಿಗೆ 10 ಎಚ್‌ಪಿ ತನಕ ಕರೆಂಟ್ ಪುಕ್ಕಟೆ ಅದ, ಅದಕ್ಕ ಯಾರೂ ಲೆಕ್ಕ ಹಾಕೋದಿಲ್ಲ ಅಂತ ನನ್ನ ಅಭಿಪ್ರಾಯ. ಬಿಲ್ ಬರಲಿಲ್ಲಂದ್ರೂ ಟಿಸಿ ಮ್ಯಾಲ ಭಾರ ಬೀಳ್ತದ, ವೈಂಡಿಂಗ್ ಸುಟ್ರ ರೊಕ್ಕ ನಮ್ಮ ಕಿಸೆದಿಂದನ ಹೋಗ್ತದ.

ಲೆಕ್ಕ ದೊಡ್ಡದೇನಲ್ರಿ. 200 ಲೀಟರ್ ಡ್ರಮ್ 100 ಸೆಕೆಂಡಿಗೆ ತುಂಬಿದ್ರ ಸೆಕೆಂಡಿಗೆ 2 ಲೀಟರ್. ಬೋರ್ ಓಡುವಾಗ ನೀರು 40 ಮೀಟರ್ ಕೆಳಗ ಅದ ಅನ್ರಿ (ನಿಂತಾಗಿನ ಮಟ್ಟ ಹಿಡಿಯಬ್ಯಾಡ್ರಿ), ಹೊಲ ಇನ್ನೂ 5 ಮೀಟರ್ ಮ್ಯಾಲ, ಪೈಪಿನ ತಿಕ್ಕಾಟಕ್ಕ 5. ಒಟ್ಟು 50 ಮೀಟರ್. 2 ಗುಣಿಸು 50, ಅಂದ್ರ 100. ಅದನ್ನ 75ರಿಂದ ಭಾಗಿಸಿದ್ರ 1.33 ಎಚ್‌ಪಿ. ಪಂಪು ತಗೊಂಡ ಶಕ್ತಿಯೊಳಗ ಅರ್ಧ ಮಾತ್ರ ನೀರಿಗೆ ಹತ್ತತದ ಅಂತ ಹಿಡಿದ್ರ ಡಬಲ್ ಮಾಡ್ರಿ. 2.7 ಆಯ್ತು. 3 ಎಚ್‌ಪಿ ಸಾಕು.

ಅದೇ ಬೋರಿಗೆ 7.5 ಇಳಿಸಿದ್ರ ಬೋರ್ ಕೊಡೋದಕ್ಕಿಂತ ಹೆಚ್ಚು ಎಳೀತದ, ನೀರು ಪಂಪಿನ ತನಕ ಇಳೀತದ, ಗಾಳಿ ಹಿಡೀತದ. ಸಬ್‌ಮರ್ಸಿಬಲ್ ಮೋಟಾರ್ ತಂಪಾಗೋದು ಸುತ್ತ ಹರಿಯೋ ನೀರಿನಿಂದನ. ನೀರು ಕಡಿಮಿ ಆದ್ರ ಏನಾಗ್ತದ ನೀವ ಹೇಳ್ರಿ.

ಪೈಪಿನ ಮಾತು ಯಾರೂ ಆಡೋದಿಲ್ಲ. ಒಳಗಿನ ಅಗಲ 2 ಇಂಚಿನ ಪಿವಿಸಿ ಪೈಪ್ 200 ಮೀಟರ್ ಹಾಸಿದ್ರ ಮ್ಯಾಲಿನ ಲೆಕ್ಕದ ನೀರಿಗೆ ಸುಮಾರು ನಾಲ್ಕೂವರೆ ಮೀಟರ್ ಶಕ್ತಿ ತಿಕ್ಕಾಟಕ್ಕ ಹೋಗ್ತದ. ಒಂದೂವರೆ ಇಂಚಿನದು ಹಾಕಿದ್ರ ನಾಲ್ಕು ಪಟ್ಟು, ಹತ್ತಿರತ್ತಿರ 18 ಮೀಟರ್! ಪೈಪಿನ್ಯಾಗ ಉಳಿಸಿದ ರೊಕ್ಕ ಮೋಟಾರಿಗೆ ಸುರೀತೀವಿ.

ಚಳಿ ದೇಶದಾಗ ಮನಿ ಬೆಚ್ಚಗ ಇಡಾಕ ಮಣ್ಣಾಗ ಪೈಪ್ ಹೂತು, ಅದರೊಳಗ ನೀರು ಸುತ್ತಿಸ್ತಾರ. ಭೂಮಿಯ ಬಿಸಿ ಆ ನೀರಿಗೆ ಬರ್ತದ, ಹೀಟ್ ಪಂಪು ಅದನ್ನ ಮನಿಗೆ ಕೊಡ್ತದ. ನೂರು ಮೀಟರ್ ಆಳದ ಬೋರಿನ್ಯಾಗ ಇಳಿಸಿದ್ರೂ ಅಲ್ಲಿ ಸುತ್ತಿಸೋ ಪಂಪು 1 ಎಚ್‌ಪಿಗಿಂತ ಕಡಿಮಿ ಇರ್ತದ. ಹ್ಯಾಂಗಂದ್ರ, ಅದು ಮುಚ್ಚಿದ ಸುತ್ತು. ಇಳಿಯೋ ನೀರಿನ ಭಾರನ ಏರೋ ನೀರನ್ನ ಎತ್ತತದ, ಪಂಪಿಗೆ ಉಳಿಯೋದು ತಿಕ್ಕಾಟ ಮಾತ್ರ. ನಮ್ಮದು ಬಾಯಿ ತೆರೆದ ಪೈಪು, ಎತ್ತರನೂ ನಾವ ಎತ್ತಬೇಕು. ನೀರು ಹೆಪ್ಪುಗಟ್ಟಬಾರದು ಅಂತ ಅವರು ಗ್ಲೈಕಾಲ್ ಇಲ್ಲಾ ಆಲ್ಕೋಹಾಲ್ ಬೆರಸ್ತಾರ. ಗ್ಲೈಕಾಲ್ ಹೆಚ್ಚಾದ್ರ ಚಳಿಗೆ ಗಟ್ಟಿಯಾಗಿ ತಿಕ್ಕಾಟ ಹೆಚ್ಚಾಗ್ತದ. ಅದಕ್ಕ ಎಷ್ಟು ಚಳಿಯೋ ಅಷ್ಟೇ ಬೆರೆಸಿ, ಪಂಪನ್ನ ಅದಕ್ಕ ತಕ್ಕಂಗ ಆರಿಸ್ತಾರ. ಮೊದಲ ಲೆಕ್ಕ, ಆಮ್ಯಾಲ ಅಂಗಡಿ.

ಅದೇ ಗ್ಲೈಕಾಲ್ ನಮ್ಮ ಟ್ರ್ಯಾಕ್ಟರಿನ ಕೂಲಂಟಿನ್ಯಾಗೂ ಅದ. ನಮ್ಮಲ್ಲಿ ಹೆಪ್ಪುಗಟ್ಟೋ ಚಳಿ ಎಲ್ಲಿ ಬರಬೇಕು, ಆದ್ರ ಅದು ನೀರು ಲಗೂನ ಕುದಿಯದಂಗ ನೋಡ್ತದ, ತುಕ್ಕು ತಡೀತದ. ರೇಡಿಯೇಟರಿಗೆ ಬೋರಿನ ಸವಳು ನೀರು ಸುರಿಯೋದು ಬಿಡ್ರಿ. ಹಂಗಂತ ಆ ಕೂಲಂಟ್ ಸಬ್‌ಮರ್ಸಿಬಲ್ ಮೋಟಾರಿಗೆ ಹಾಕಬ್ಯಾಡ್ರಿ. ನೀರು ತುಂಬೋ ಮೋಟಾರಿಗೆ ಇಳಿಸೋ ಮುಂಚೆ ಶುದ್ಧ ನೀರು ತುಂಬಿದ್ರ ಸಾಕು. ವಾಹನದ ಕೂಲಂಟಿನ್ಯಾಗ ಸಾಮಾನ್ಯವಾಗಿ ಇರೋದು ಎಥಿಲೀನ್ ಗ್ಲೈಕಾಲ್, ಅದು ವಿಷ. ಬೋರಿನ ನೀರು ದನಾನೂ ಕುಡೀತಾವ, ಮಂದಿನೂ ಕುಡೀತಾರ.

ಅಂಗಡಿಗೆ ಹೋದಾಗ ಪಂಪಿನ ಚಾರ್ಟ್ ತೋರಸ್ರಿ ಅನ್ರಿ. ನಿಮ್ಮ 50 ಮೀಟರಿಗೆ ಅದು ಎಷ್ಟು ಲೀಟರ್ ಕೊಡ್ತದ ಅಂತ ಬೆರಳಿಟ್ಟು ಕೇಳ್ರಿ. "ಎಲ್ಲಾರೂ ಇದನ್ನ ಒಯ್ತಾರ" ಅಂತ ಚಾರ್ಟ್ ತೋರಸದವರ ಕಡೆ ರೊಕ್ಕ ಬಿಚ್ಚಬ್ಯಾಡ್ರಿ.