ಶಂಕರನಾಗ್ ಟಾಪ್ ಐದರಲ್ಲಿ ಇಲ್ಲದ ಸಿನಿಮಾ

ಗುರ್ಲಾಪುರ ಕ್ರಾಸಿನ ಕಬ್ಬಿನ ಹೋರಾಟ ಮುಗಿದು ಎರಡು ದಿನ ಆಗಿತ್ತು. 2025ರ ನವೆಂಬರ್ 9, ಭಾನುವಾರ. ಟನ್ನಿಗೆ 3,500 ರೂಪಾಯಿ ಕೇಳಿದ್ದ ರೈತರಿಗೆ 3,300 ಅಂತ ಸರ್ಕಾರ ಹೇಳಿತ್ತು. ಗೆದ್ದೆವೋ ಸೋತೆವೋ ಅನ್ನೋ ಚರ್ಚೆ ನಾಗನೂರಿನ ಚಹಾದಂಗಡಿಯಲ್ಲಿ ಹಳಸಿಹೋಗಿತ್ತು. ಅವತ್ತು ಶಂಕರನಾಗ್ ಹುಟ್ಟಿದ ದಿನ ಬೇರೆ. ಇದ್ದಿದ್ದರೆ 71 ತುಂಬುತ್ತಿತ್ತು. ಎಲ್ಲರ ಸ್ಟೇಟಸ್ಸಿನಲ್ಲೂ ಅದೇ ನಗು. ಒಬ್ಬ ದೋಸ್ತ ಶುರು ಹಚ್ಚಿದ: "ಲೇ, ಡೈರೆಕ್ಟರ್ ಶಂಕರನಾಗ್‌ಂದು ಟಾಪ್ ಐದು ಹೇಳ್ರಿ ನೋಡೂಣು."

ಮೊದಲ ಉತ್ತರವೇ ತಪ್ಪು. 'ಆಟೋ ರಾಜ' ಅಂದ ಒಬ್ಬ. ಅದರ ನಿರ್ದೇಶಕ ವಿಜಯ್. ಇನ್ನೊಬ್ಬ 'ಸಾಂಗ್ಲಿಯಾನ' ಅಂದ, ಅದು ಪಿ. ನಂಜುಂಡಪ್ಪನವರದು. ಇದನ್ನ ಬರೀ ಸಾಮಾನ್ಯಜ್ಞಾನದ ತಪ್ಪು ಅಂತ ನಕ್ಕು ಬಿಡಬಹುದಿತ್ತು. ಆದರೆ ನನಗೆ ಇದರಲ್ಲಿ ಬೇರೆಯೇ ಕತೆ ಕಾಣುತ್ತದೆ. ಖಾಕಿ ತೊಟ್ಟ ಶಂಕರನಾಗ್ ರಾಜ್ಯದ ಪ್ರತಿ ಆಟೋ ನಿಲ್ದಾಣದ ಬೋರ್ಡಿನಲ್ಲಿದ್ದಾನೆ, ಮೆಟ್ರೋ ಕನಸು ಕಂಡವನು ಅನ್ನೋ ರೀಲ್ ವರ್ಷಕ್ಕೆರಡು ಸಲ ಓಡುತ್ತದೆ. ಕ್ಯಾಮೆರಾದ ಹಿಂದೆ ನಿಂತು ಅಧಿಕಾರಸ್ಥರನ್ನ ಪ್ರಶ್ನೆ ಮಾಡಿದ ಶಂಕರನಾಗ್ ಮಾತ್ರ ಯಾರ ಸ್ಟೇಟಸ್ಸಿನಲ್ಲೂ ಇಲ್ಲ.

ಆಮೇಲೆ ನಿಯಮ ಹಾಕಿಕೊಂಡೆವು: ಅವರೇ ನಿರ್ದೇಶಿಸಿದ್ದು ಮಾತ್ರ. 'ಮಿಂಚಿನ ಓಟ' (1980), 'ಗೀತಾ' (1981), 'ನೋಡಿ ಸ್ವಾಮಿ ನಾವಿರೋದು ಹೀಗೆ' (1983), 'ಆಕ್ಸಿಡೆಂಟ್' (1985), 'ಒಂದು ಮುತ್ತಿನ ಕಥೆ' (1987). 'ಮಾಲ್ಗುಡಿ ಡೇಸ್' ಧಾರಾವಾಹಿ ಅಂತ ಹೊರಗಿಟ್ಟೆವು. ಅದಕ್ಕೂ ಒಂದು ಜಗಳ ಆಯಿತು, ಇರಲಿ.

ನನ್ನ ನಂಬರ್ ಒನ್ 'ಆಕ್ಸಿಡೆಂಟ್'. ಇದರಲ್ಲಿ ನನಗೆ ಅನುಮಾನವೇ ಇರಲಿಲ್ಲ. ಅಮಲಿನಲ್ಲಿ ಕಾರು ಓಡಿಸುವ ರಾಜಕಾರಣಿಯ ಮಗ, ಫುಟ್‌ಪಾತಿನಲ್ಲಿ ಮಲಗಿದ್ದ ಕೂಲಿ ಜನರ ಸಾವು, ಮಗನನ್ನು ಉಳಿಸಲು ವ್ಯವಸ್ಥೆಯನ್ನೇ ಬಗ್ಗಿಸುವ ಅಪ್ಪ, ಬೆನ್ನು ಬಿದ್ದ ಒಬ್ಬ ಪತ್ರಕರ್ತ. ಸಾಮಾಜಿಕ ಸಮಸ್ಯೆಯ ಚಿತ್ರ ಅಂತ ರಾಷ್ಟ್ರಪ್ರಶಸ್ತಿ ಬಂತು. ನಾಲ್ಕು ದಶಕದ ಹಿಂದಿನ ಸಿನಿಮಾ ಅನ್ನಿಸುವುದೇ ಇಲ್ಲ. 2024ರ ಮೇ 19ರಂದು ಪುಣೆಯಲ್ಲಿ ಪೋರ್ಶೆ ಕಾರು ಹಾಯ್ದು ಇಬ್ಬರು ಯುವ ಎಂಜಿನಿಯರುಗಳು ಸತ್ತಾಗ ಏನಾಯಿತು ನೆನಪಿಸಿಕೊಳ್ಳಿ. 17 ವರ್ಷದ ಹುಡುಗನಿಗೆ ಕೆಲವೇ ಗಂಟೆಗಳಲ್ಲಿ ಜಾಮೀನು, ಜೊತೆಗೆ 300 ಪದಗಳ ಪ್ರಬಂಧ ಬರೆಯುವ ಷರತ್ತು. ಆಮೇಲೆ ರಕ್ತದ ಮಾದರಿಯನ್ನೇ ಬದಲಿಸಿದ ಆರೋಪದಲ್ಲಿ ವೈದ್ಯರ ಬಂಧನ. ಜನ ರೊಚ್ಚಿಗೇಳದಿದ್ದರೆ ಇದೂ ಹೊರಗೆ ಬರುತ್ತಿತ್ತೋ ಇಲ್ಲವೋ. ದೇಶದಲ್ಲಿ 2022ರ ಒಂದೇ ವರ್ಷ 1,68,491 ಜನ ರಸ್ತೆಯಲ್ಲಿ ಸತ್ತರು, ಅವರಲ್ಲಿ 32 ಸಾವಿರಕ್ಕೂ ಹೆಚ್ಚು ಮಂದಿ ನಡೆದು ಹೋಗುತ್ತಿದ್ದವರು.

ಇಷ್ಟೂ ಹೇಳಿ ಮುಗಿಸಿ, ಗೆದ್ದೆ ಅಂದುಕೊಂಡು ಚಹಾ ಕುಡಿದೆ. ಎದುರಿಗೆ ಕೂತಿದ್ದ ಟ್ರ್ಯಾಕ್ಟರ್ ಡ್ರೈವರ್ ದೋಸ್ತ ಸುಮ್ಮನೆ ಕೇಳಿಸಿಕೊಂಡಿದ್ದ.

"ಅದು ಸಿಟಿ ಪಿಕ್ಚರ್ ಲೇ. ನಮ್ಮ ಕಡೆ ಕೊಲ್ಲಾವ ಯಾರು? ನಾನs."

ಅವನು ಹೇಳಿದ್ದು ಅರ್ಥ ಆಗಬೇಕಾದರೆ ಹಂಗಾಮಿನಲ್ಲಿ ಒಂದು ರಾತ್ರಿ ಮೂಡಲಗಿ–ಗೋಕಾಕ ಸೀಮೆಯ ರಸ್ತೆಗೆ ಬರಬೇಕು. ಒಂದು ಟ್ರ್ಯಾಕ್ಟರಿಗೆ ಎರಡು ಟ್ರೇಲರ್, ಎರಡೂ ಮೀರಿ ಹೊರಗೆ ಚಾಚಿದ ಕಬ್ಬು, ಹಿಂದೆ ದೀಪ ಇಲ್ಲ, ರಿಫ್ಲೆಕ್ಟರ್ ಇದ್ದರೂ ಕೆಸರು ಮೆತ್ತಿಕೊಂಡಿರುತ್ತದೆ. ಬೈಕಿನವನಿಗೆ ಕಾಣುವಷ್ಟರಲ್ಲಿ ತಡವಾಗಿರುತ್ತದೆ. ಡ್ರೈವರ್ ಖೇಪಿನ ಲೆಕ್ಕದಲ್ಲಿ ದುಡಿಯುವವನು, ಕಾರ್ಖಾನೆ ಮುಂದೆ ಪಾಳಿ ಹಚ್ಚಿ ನಿದ್ದೆಗೆಟ್ಟವನು. ಇಲ್ಲಿ ಖಳನಾಯಕ ಯಾರು? ಸ್ಟೀರಿಂಗ್ ಹಿಡಿದವನೂ ಕೂಲಿ, ಚಕ್ರದ ಕೆಳಗೆ ಹೋದವನೂ ಕೂಲಿ. 'ಆಕ್ಸಿಡೆಂಟ್'ನಲ್ಲಿ ನಮ್ಮ ಸಿಟ್ಟಿಗೆ ಒಂದು ಮುಖ ಸಿಗುತ್ತದೆ, ಇಲ್ಲಿ ಸಿಗುವುದಿಲ್ಲ.

ಕಾನೂನು ಮಾಡುವವರಿಗೂ ಈ ವ್ಯತ್ಯಾಸ ಹೊಳೆದಂತಿಲ್ಲ. ಭಾರತೀಯ ನ್ಯಾಯ ಸಂಹಿತೆಯ ಕಲಂ 106(2), ಅಪಘಾತ ಮಾಡಿ ವರದಿ ಕೊಡದೆ ಓಡಿಹೋದವನಿಗೆ 10 ವರ್ಷದವರೆಗೆ ಜೈಲು ಅನ್ನುತ್ತದೆ. 2024ರ ಜನವರಿಯಲ್ಲಿ ಲಾರಿ ಚಾಲಕರು ದೇಶದಾದ್ಯಂತ ವಾಹನ ನಿಲ್ಲಿಸಿದ್ದು ಇದಕ್ಕೇ. "ಓಡಲಿಲ್ಲ ಅಂದ್ರ ಮಂದಿ ಅಲ್ಲೇ ಬಡದು ಸಾಯಿಸ್ತಾರ, ಓಡಿದ್ರ ಹತ್ತು ವರ್ಷ" ಅನ್ನೋದು ನನ್ನ ದೋಸ್ತನ ವಾದ. ಆ ವರ್ಷ ಜುಲೈ 1ಕ್ಕೆ ಸಂಹಿತೆ ಜಾರಿಗೆ ಬಂದಾಗ ಈ ಉಪಕಲಂ ಒಂದನ್ನು ತಡೆಹಿಡಿದರು. ಪೋರ್ಶೆ ಹುಡುಗನ ಮೇಲಿನ ನಮ್ಮ ಸಿಟ್ಟು ಕಾನೂನಾಗಿ ಬಂದಾಗ ಮೊದಲು ಬೀಳುವುದು ಇವನ ಬೆನ್ನ ಮೇಲೆ. ನಾನು 'ಆಕ್ಸಿಡೆಂಟ್'ನ ಕೆಳಗಿಳಿಸಲಿಲ್ಲ, ಆದರೆ ಮೊದಲಿನ ಧೈರ್ಯದಲ್ಲಿ ವಾದ ಮಾಡಲೂ ಆಗಲಿಲ್ಲ. ಅವನ ನಂಬರ್ ಒನ್ 'ಮಿಂಚಿನ ಓಟ'. ಕಾರು ಕದಿಯುವ ಮೂವರು, ಜೈಲು, ಪರಾರಿ. "ಅದರಾಗ ಕಳ್ಳರೂ ಮನಷ್ಯಾರು ಅಂತ ತೋರಿಸ್ಯಾರ" ಅಂದ, ಅಷ್ಟೇ.

'ಗೀತಾ' ವಿಷಯಕ್ಕೆ ಬಂದಾಗ ಬಿ.ಇಡಿ. ಓದುತ್ತಿರುವ ನಮ್ಮ ತಂಗಿ ಫೋನಿನಲ್ಲೇ ಸೇರಿಕೊಂಡಳು. "ಇಳಯರಾಜಾ ಹಾಡು ತಗದು ನೋಡ್ರಿ ಅಣ್ಣಾ. ಹುಡುಗಿಗೆ ರೋಗ, ಹುಡುಗಗ ದುಃಖ. ಆಕಿ ಸಾಯೂದನ್ನ ಎಷ್ಟ್ ಚಂದ ತೋರಿಸ್ಯಾರ ಅಂದ್ರ, ಬದುಕೂದು ಮರ್ತs ಬಿಟ್ಟಾರ." ನಾನು ಹಾಡಿನ ಕಾರಣಕ್ಕೇ ಅದನ್ನ ಮೂರನೇದಾಗಿ ಇಟ್ಟಿದ್ದೆ. ಅಲ್ಲೇ ಇದೆ ಈಗಲೂ. ಸ್ವಲ್ಪ ನಾಚಿಕೆಯೂ ಇದೆ.

ಯಾರೂ ಎಣಿಸದ ಸಿನಿಮಾ ಮೇಲೆ ತಂದವರು ಅಂಗಡಿಯ ಕಾಕಾ. 'ಒಂದು ಮುತ್ತಿನ ಕಥೆ', ರಾಜ್‌ಕುಮಾರ್ ನಟಿಸಿದ್ದು, ಜಾನ್ ಸ್ಟೈನ್‌ಬೆಕ್‌ನ 'ದ ಪರ್ಲ್' ಆಧರಿಸಿದ್ದು. ಮೂಲ ಕಾದಂಬರಿಯಲ್ಲಿ ಬಡವನಿಗೆ ಭಾರಿ ಮುತ್ತು ಸಿಗುತ್ತದೆ. ಮಾರಲು ಹೋದರೆ ಪೇಟೆಯ ವ್ಯಾಪಾರಿಗಳೆಲ್ಲ ಬೇರೆ ಬೇರೆ ಕೂತಂತೆ ನಟಿಸಿ, ಒಳಗೊಳಗೇ ಒಂದಾಗಿ ಕಡಿಮೆ ಬೆಲೆ ಹೇಳುತ್ತಾರೆ. "ಕಾಟಾನೂ ಅವರದ, ರಿಕವರಿ ಅಳಿಯಾವ್ರೂ ಅವರ, ರೇಟ್ ಹೇಳಾವ್ರೂ ಅವರ. ತಮ್ಮಾ, ಇದು ಮುತ್ತಿನ ಕತಿ ಏನು, ಕಬ್ಬಿನ ಕತಿ ಏನು?" ಸಿನಿಮಾವಾಗಿ ಅದು ಅಲ್ಲಲ್ಲಿ ಜಾಳು ಅಂತ ನಾನು ಹೇಳಬಹುದಿತ್ತು. ಹೋರಾಟದ ಪೆಂಡಾಲಿಗೆ ದಿನಾ ಬುತ್ತಿ ಹೊತ್ತವರ ಮುಂದೆ ಬಾಯಿ ಬರಲಿಲ್ಲ.

ಇಷ್ಟಾದರೂ ನನ್ನ ತಲೆಯಲ್ಲಿ ಉಳಿದದ್ದು ಪಟ್ಟಿಗೆ ಬರಲಾರದ ಆರನೇ ಸಿನಿಮಾ. 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಹತ್ತಿರದ ಆನಗೋಡಿನಲ್ಲಿ ರಸ್ತೆ ಅಪಘಾತವಾದಾಗ ಶಂಕರನಾಗ್ ಹೊರಟಿದ್ದು ನಮ್ಮ ಕಡೆಗೆ, 'ಜೋಕುಮಾರಸ್ವಾಮಿ' ಚಿತ್ರೀಕರಣಕ್ಕೆ. ವಯಸ್ಸು 35. ನಾಟಕ ಚಂದ್ರಶೇಖರ ಕಂಬಾರರದು, ಅವರ ಹುಟ್ಟೂರು ಘೋಡಗೇರಿ ಇಲ್ಲೇ ಹುಕ್ಕೇರಿ ತಾಲೂಕಿನಲ್ಲಿದೆ. ಭೂಮಿ ಯಾರದು, ಗೌಡನದೋ ಉಳುವ ಬಸಣ್ಣನದೋ ಅನ್ನೋದೇ ಅದರ ಜಗಳ. 1974ರಲ್ಲಿ ಉಳುವವನೇ ಒಡೆಯ ಅಂತ ಕಾಯ್ದೆ ತಿದ್ದಿದ ರಾಜ್ಯವೇ 2020ರಲ್ಲಿ 79ಎ, 79ಬಿ ಕಿತ್ತುಹಾಕಿ, ಬೇಸಾಯ ಮಾಡದವರೂ ಜಮೀನು ಕೊಳ್ಳಲು ಬಾಗಿಲು ತೆರೆಯಿತು. ನಮ್ಮ ಭಾಷೆ, ನಮ್ಮ ಮಣ್ಣಿನ ಜಗಳ, ಜನ ಮುಗಿಬಿದ್ದು ನೋಡುವ ನಟ. ಉತ್ತರ ಕರ್ನಾಟಕದ ಮಾತು ಅಂದರೆ ಕಾಮಿಡಿ ಟ್ರ್ಯಾಕ್ ಅಂತಲೇ ನೋಡಿ ಬೆಳೆದ ನಮ್ಮ ತಲೆಮಾರಿಗೆ ಅದು ಬಂದಿದ್ದರೆ ಏನಾಗುತ್ತಿತ್ತು?

"ಗೌಡನ ಪಾರ್ಟ್ ಯಾರ್ ಮಾಡ್ತಿದ್ರು?" ಅಂದ ಒಬ್ಬ. "ಅನಂತನಾಗ್" ಅಂದೆ ನಾನು. "ಲೋಕೇಶ್" ಅಂದರು ಕಾಕಾ. ಮತ್ತೆ ಜಗಳ. ಟ್ರ್ಯಾಕ್ಟರ್ ದೋಸ್ತ ಎದ್ದ. ನಾಳೆಯಿಂದ ಖೇಪು ಶುರು, ಟ್ರೇಲರಿಗೆ ಕೆಂಪು ಸ್ಟಿಕ್ಕರ್ ತರಬೇಕು ಅಂತ ನನ್ನ ಬೈಕಿನ ಕೀ ಇಸಿದುಕೊಂಡು ಮೂಡಲಗಿಗೆ ಹೋದ.